ಇಡ್ಲಿ ಬಟ್ಟೆಯಲ್ಲಿ ಕಟ್ಟಿದ ಅಕ್ಕಿ

ನನ್ನ ಇಡ್ಲಿ ಬಟ್ಟೆ ಕಳೆದುಹೋಗಿ ಮೂರು ವಾರ ಆಗಿತ್ತು. ಫ್ರೀಮಾಂಟಿನ ನಮ್ಮ ಈ ಪುಟ್ಟ ಮನೆಯಲ್ಲಿ ಒಂದು ವಸ್ತು ಕಳೆದುಹೋಗೋಕೆ ಜಾಗವಾದರೂ ಎಲ್ಲಿದೆ ಹೇಳಿ? ಆದರೂ ಹೋಗಿತ್ತು. ಅಪ್ಪನ ಹಳೇ ಮಲ್ ಪಂಚೆ ಹರಿದು ಅಮ್ಮ ಮಾಡಿಕೊಟ್ಟ ಬಟ್ಟೆ ಅದು. ಸುತ್ತ ಕೆಂಪು ದಾರದಲ್ಲಿ ಕೈಹೊಲಿಗೆ. ತಟ್ಟೆಗೆ ಎಣ್ಣೆ ಸವರಿ ಇಡ್ಲಿ ಹೊಯ್ಯುವವರು ಹೊಯ್ಯಲಿ, ನನಗೆ ಮಾತ್ರ ಒದ್ದೆ ಬಟ್ಟೆ ಹಾಸಿ ಬೇಯಿಸಿದ್ದೇ ಇಡ್ಲಿ. ಅಡುಗೆಮನೆ ಕಪಾಟೆಲ್ಲ ಕೆಳಗಿಳಿಸಿ ಹುಡುಕಿದೆ. ಗಂಡನನ್ನು ಕೇಳಿದರೆ, "ವಾಷಿಂಗ್ ಮೆಷಿನ್ ನುಂಗಿರಬೇಕು ಕಣೇ" ಅಂದರು. ಅವರು ಮೈಸೂರಿನವರು, ಸುಳ್ಳನ್ನೂ ಮೆತ್ತಗೆ ಹೇಳುತ್ತಾರೆ. ನಾನು ಮೆಷಿನ್ನಿಗೆ ಎರಡು ದಿನ ಬೈದೆ.

ನನ್ನ ಬೈಗುಳದ ಬಗ್ಗೆ ಮೊದಲೇ ಹೇಳಿಬಿಡುತ್ತೇನೆ. ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ದಾವಣಗೆರೆಯಲ್ಲಿ ಅಪ್ಪನ ಟೂವೀಲರ್ ಗ್ಯಾರೇಜಿನಲ್ಲಿ, ಸೈಲೆನ್ಸರ್ ಇಲ್ಲದ ಇಂಜಿನ್‌ಗಳ ಮಧ್ಯೆ ಕೂಗಿ ಕೂಗಿ ಮಾತಾಡಿಯೇ ಬೆಳೆದವಳು. ಮೆತ್ತಗೆ ಮಾತಾಡಿದರೆ ಅಲ್ಲಿ ಹತ್ತನೇ ನಂಬರ್ ಸ್ಪ್ಯಾನರ್ ಕೇಳಿದರೂ ಯಾರೂ ಕೊಡುತ್ತಿರಲಿಲ್ಲ. ಅಭ್ಯಾಸ ಹೋಗಲಿಲ್ಲ, ನಾನೂ ಬಿಡಿಸಿಕೊಳ್ಳಲು ನೋಡಲಿಲ್ಲ.

ಮಾರ್ಚ್ ಕೊನೆಯ ಒಂದು ಶನಿವಾರ ಬೆಳಿಗ್ಗೆ ಅಣ್ಣನ ಫೋನು ಬಂತು. ಅಣ್ಣ ಅಂದರೆ ಒಡಹುಟ್ಟಿದವನಲ್ಲ. ಉಡುಪಿ ಕಡೆಯವರು, ನನ್ನ ಗಂಡನ ಹಳೇ ಆಫೀಸಿನ ಗೆಳೆಯರು, ಲಾಸ್ ಆಲ್ಟೋಸ್‌ನಲ್ಲಿ ಮನೆ. ನಾನು ಈ ದೇಶಕ್ಕೆ ಬಂದ ಮೊದಲ ವಾರವೇ ಒಂದು ಡಬ್ಬಿ ಸಾರಿನ ಪುಡಿ ಹಿಡಿದು ಬಂದು, "ತವರುಮನೆ ದೂರ ಆಯ್ತು ಅಂತ ಅಳ್ಬೇಡ ಮಾರಾಯ್ತಿ, ನಾನಿದ್ದೇನಲ್ಲ" ಅಂದಿದ್ದರು. ಅವತ್ತಿಂದ ಅಣ್ಣ. ಮಗಳ ಕಿವಿ ಚುಚ್ಚಿಸುವಾಗ ಸೋದರಮಾವನ ಜಾಗದಲ್ಲಿ ಅವಳನ್ನು ತೊಡೆ ಮೇಲೆ ಕೂರಿಸಿಕೊಂಡಿದ್ದು ಅವರೇ.

ಈ ಅಣ್ಣನೂ ನನ್ನ ಗಂಡನೂ ಸೇರಿ ಎರಡು ವರ್ಷದ ಹಿಂದೆ ಒಂದು ಹಳೇ ಸ್ನೋಮೊಬೈಲು ತಂದಿದ್ದರು. ಹಿಮದ ಮೇಲೆ ಓಡುವ ಸ್ಕೂಟರು ಅಂದುಕೊಳ್ಳಿ. ಮುಂದೆ ಎರಡು ಹಲಗೆ, ಹಿಂದೆ ಅಗಲವಾದ ರಬ್ಬರ್ ಪಟ್ಟಿ, ಮಧ್ಯೆ ಎರಡು ಸಿಲಿಂಡರಿನ ಟೂ ಸ್ಟ್ರೋಕ್ ಇಂಜಿನ್ನು. ನಮ್ಮ ಬೇ ಏರಿಯಾದಲ್ಲಿ ಹಿಮ ಎಲ್ಲಿ ಬರಬೇಕು? ಟ್ರೈಲರಿಗೆ ಕಟ್ಟಿಕೊಂಡು ನಾಲ್ಕು ಗಂಟೆ ಡ್ರೈವ್ ಮಾಡಿ ಸಿಯೆರಾ ಬೆಟ್ಟಕ್ಕೆ ಹೋಗಬೇಕು. ಆಯುಧಪೂಜೆಗೆ ಅದಕ್ಕೂ ಕುಂಕುಮ ಹಚ್ಚಿ, ಹಲಗೆ ಕೆಳಗೆ ನಿಂಬೆಹಣ್ಣು ಇಟ್ಟು ಪೂಜೆ ಮಾಡಿದ್ದೆವು. ಅದರ ಸದ್ದು ಕೇಳಿದ ದಿನ ನಾನು ಅದರ ಪಕ್ಕದಿಂದ ಎದ್ದಿರಲೇ ಇಲ್ಲ. ಅಪ್ಪನ ಗ್ಯಾರೇಜಿನ ಸದ್ದೇ ಅದು. ಆದರೆ ಮಗಳನ್ನು ಮಾತ್ರ ಅದರ ಮೇಲೆ ಹತ್ತಿಸಕೂಡದು ಅಂತ ಅವತ್ತೇ ಇಬ್ಬರ ಹತ್ತಿರವೂ ಮಾತು ತೆಗೆದುಕೊಂಡಿದ್ದೆ. ಹದಿನಾರರ ಹುಡುಗಿ, ನೀರು ಕಂಡರೆ ಈಗಲೂ ಹೆದರುತ್ತಾಳೆ, ಹಿಮಗಟ್ಟಿದ ಕೆರೆಯ ಸಹವಾಸ ಬೇಡ ಅಂದಿದ್ದೆ. ಅಣ್ಣ ನನ್ನ ಕೈ ಮೇಲೆ ಕೈಯಿಟ್ಟು "ಆಯ್ತು" ಅಂದಿದ್ದರು.

"ಗಾಡಿ ನೀರಿಗೆ ಬಿತ್ತು ಮಾರಾಯ್ತಿ" ಅಂದರು ಫೋನಿನಲ್ಲಿ. "ಕೆರೆಯ ಬದಿಯ ಐಸು ಒಡೀತು. ಇಂಜಿನ್ ಒಳಗೆಲ್ಲ ನೀರು. ನೀನು ಒಮ್ಮೆ ನೋಡ್ತೀಯಾ?"

ಅಪ್ಪ ಕೇಳುತ್ತಿದ್ದ ಎರಡು ಪ್ರಶ್ನೆ ತಾನಾಗೇ ಬಾಯಿಗೆ ಬಂದವು. "ಎಷ್ಟು ಹೊತ್ತು ನೀರಲ್ಲಿತ್ತು? ಯಾವಾಗ ಆಚೆ ತೆಗೆದ್ರಿ?"

"ಒಂದು ಗಂಟೆ ಇತ್ತು. ನಿನ್ನೆ ಮಧ್ಯಾಹ್ನ ತೆಗೆದದ್ದು. ನಾನೊಬ್ಬನೇ ಹೋಗಿದ್ದೆ."

"ಸ್ಟಾರ್ಟ್ ಮಾಡೋ ಹಗ್ಗ ಎಳೀಬೇಡಿ, ಏನನ್ನೂ ಮುಟ್ಟಬೇಡಿ, ಬಂದೆ" ಅಂತ ಫೋನಿಟ್ಟೆ.

ನನ್ನ ಅವಸರಕ್ಕೆ ಕಾರಣ ಇತ್ತು. ನಮ್ಮೂರಲ್ಲಿ ಮಳೆಗಾಲಕ್ಕೊಮ್ಮೆ ಯಾರದಾದರೂ ಮೊಪೆಡ್ಡು ಭದ್ರಾ ನಾಲೆಗೆ ಬೀಳುತ್ತಿತ್ತು. ಅಪ್ಪ ಹೇಳೋರು, "ನೀರಲ್ಲಿರೋ ತನಕ ಇಂಜಿನ್ನಿಗೆ ಏನೂ ಆಗಲ್ಲ. ಆಚೆ ತೆಗೆದು ಗಾಳಿ ತಾಗಿದ ಮೇಲೆ ತುಕ್ಕು ಶುರು." ಒಂದು ದಿನದೊಳಗೆ ನೀರು ತೆಗೆದು, ಎಣ್ಣೆ ಕುಡಿಸಿ, ಸ್ಟಾರ್ಟ್ ಮಾಡಿ ಬಿಸಿಯಾಗುವಷ್ಟು ಓಡಿಸಿದರೆ ಉಳಿಯಿತು. ವಾರ ಬಿಟ್ಟರೆ ಕಷ್ಟ. ಅದಕ್ಕೇ ಗಾಡಿ ತಂದವರು ನಿಜ ಹೇಳಬೇಕು. ಹೇಳುತ್ತಿರಲಿಲ್ಲ! ತಂದೆಗೆ ಗೊತ್ತಿಲ್ಲದೆ ಮಗ ಬೀಳಿಸಿರುತ್ತಿದ್ದ, ಕುಡಿದ ಗಂಡ ಬೀಳಿಸಿರುತ್ತಿದ್ದ. ಅಪ್ಪ ಎದುರುಗಡೆ ಹೋಟೆಲ್ಲಿಂದ ಅರ್ಧ ಚಹಾ ತರಿಸಿ ಅವರ ಕೈಗೆ ಕೊಡೋರು. ಆಮೇಲೆ ಅವರ ಮುಖ ನೋಡದೆ, ಇಂಜಿನ್ನನ್ನೇ ನೋಡುತ್ತಾ ಕೇಳೋರು. ಏನೇ ಉತ್ತರ ಬರಲಿ, "ಹೂಂ, ಆಗಲಿ" ಅನ್ನೋರು ಅಷ್ಟೆ. ಆ ಗ್ಯಾರೇಜಿಂದ ನಾನು ಸ್ಪ್ಯಾನರ್ ಹಿಡಿಯೋದು ಕಲಿತೆ, ಕಾರ್ಬುರೇಟರ್ ಬಿಚ್ಚೋದು ಕಲಿತೆ. ಚಹಾ ಕೊಡೋದನ್ನ ಕಲಿಯಲಿಲ್ಲ.

ನಾನು ಹೊರಟಿದ್ದು ನೋಡಿ ಗಂಡನ ಮುಖ ಬಿಳಿಚಿಕೊಂಡಿತು. "ಅವನು ನಿನಗೆ ಯಾಕೆ ಫೋನ್ ಮಾಡಿದ? ನೀನ್ಯಾಕೆ ಹೋಗ್ತೀಯ, ಬೆನ್ನುನೋವು ಅಂತಿದ್ದೆ. ಹಾಳಾದ್ದು ಹಳೇ ಗಾಡಿ, ಬಿಡು" ಅಂದರು. ನನ್ನ ಬೆನ್ನಿನ ಮೇಲೆ ಇಷ್ಟು ಕಾಳಜಿ ಯಾವತ್ತಿಂದ ಅಂತ ರೇಗಿಸಿಯೇ ಹೊರಟೆ. ಲಾಸ್ ಆಲ್ಟೋಸ್ ಕಡೆಗೆ ಕೊಲ್ಲಿಯ ಬ್ರಿಡ್ಜ್ ದಾಟುವಾಗ ಖುಷಿಯಲ್ಲಿದ್ದೆ ಅಂತ ನೆನೆಸಿಕೊಂಡರೆ ಈಗ ನಾಚಿಕೆಯಾಗುತ್ತದೆ. ಎಷ್ಟೋ ವರ್ಷದ ಮೇಲೆ ನನ್ನ ಕೈಗೆ ಅಪ್ಪನ ಕೆಲಸ ಬಂದಿತ್ತು.

ಅಣ್ಣನ ಗ್ಯಾರೇಜು ನಮ್ಮ ಮನೆಯ ಹಾಲಿಗಿಂತ ದೊಡ್ಡದು. ಅತ್ತಿಗೆ ಊರಿಗೆ ಹೋಗಿದ್ದರಿಂದ ಅವರೊಬ್ಬರೇ ಇದ್ದರು. ಕಾಫಿ ಬೇಕಾ, ಅವಲಕ್ಕಿ ಬೇಕಾ ಅಂತ ಬೇಡದ ಉಪಚಾರ. ನಾನು ಸೀದಾ ಗಾಡಿ ಹತ್ತಿರ ಕೂತು ಮುಂದಿನ ಮುಚ್ಚಳ ಎತ್ತಿದೆ. ಮೊದಲು ಸ್ಪಾರ್ಕ್ ಪ್ಲಗ್ಗು. ಸುಲಭವಾಗಿ ಬರಬೇಕಿತ್ತು, ಬರಲಿಲ್ಲ. ಸ್ಪ್ಯಾನರಿಗೆ ಪೂರ್ತಿ ಭಾರ ಹಾಕಿದ ಮೇಲೆ ಕಿರ್ ಅಂತ ತಿರುಗಿತು. ತುದಿ ನೋಡಿದೆ. ಕೆಮ್ಮಣ್ಣು ಮೆತ್ತಿದ ಹಾಗೆ ತುಕ್ಕು.

ನಿನ್ನೆ ನೀರು ಹೊಕ್ಕ ಇಂಜಿನ್ನಾದರೆ ಪ್ಲಗ್ಗಿನ ಮೇಲೆ ಎಣ್ಣೆ ನೀರು ಕಲಸಿ ಹಾಲು ಜಾಸ್ತಿ ಹಾಕಿದ ಕಾಫಿ ಬಣ್ಣ ಇರಬೇಕು. ಇದು ಆ ಬಣ್ಣ ಅಲ್ಲವೇ ಅಲ್ಲ. "ಅಣ್ಣಾ, ನಿನ್ನೇನೇ ಬಿದ್ದಿದ್ದಾ?" ಅಂದೆ. "ಹೌದಲ್ಲ, ನಿನ್ನೆಯೇ" ಅಂದರು, ಗೋಡೆ ನೋಡುತ್ತಾ. ಸ್ಟಾರ್ಟಿಂಗ್ ಹಗ್ಗ ಮೆಲ್ಲಗೆ ಎಳೆದು ನೋಡಿದೆ. ಪಿಸ್ಟನ್ ಅಲುಗಾಡಲಿಲ್ಲ. ತುಕ್ಕು ಹಿಡಿದು ಕಚ್ಚಿಕೊಂಡಿತ್ತು.

ಇನ್ನು ಗಾಳಿ ಎಳೆದುಕೊಳ್ಳುವ ಡಬ್ಬಿ ಬಿಚ್ಚೋಣ ಅಂತ ಕ್ಲಿಪ್ ತೆಗೆದೆ. ಹುಳಿ ಹುಳಿ ವಾಸನೆ ಮುಖಕ್ಕೆ ಹೊಡೆಯಿತು. ಒಳಗೆ ಒಂದು ಗಂಟು ತುರುಕಿದ್ದರು. ಎಳೆದೆ. ಬಿಳಿ ಮಲ್ ಬಟ್ಟೆ. ಅಂಚಿಗೆ ಕೆಂಪು ದಾರದ ಕೈಹೊಲಿಗೆ.

ಅಯ್ಯೋ ಶಿವನೇ ಅಂದೆ. ನನ್ನ ಇಡ್ಲಿ ಬಟ್ಟೆ!

ಗಂಟು ಬಿಚ್ಚಿದರೆ ಅಕ್ಕಿ. ಸೋನಾ ಮಸೂರಿ. ನೀರು ಕುಡಿದು ಉಬ್ಬಿ, ಹುಳಿತು, ಮುದ್ದೆಯಾಗಿ, ಮತ್ತೆ ಒಣಗಿ, ಮೇಲೆ ಹಸಿರು ಕಪ್ಪು ಬೂಸಲು ಹಿಡಿದ ಅಕ್ಕಿ. ತುಕ್ಕಿನ ವಯಸ್ಸು ಹೇಳೋದರಲ್ಲಿ ನಾನು ತಪ್ಪಬಹುದು. ದಿನಾ ಅಕ್ಕಿ ನೆನೆಹಾಕುವ ಹೆಂಗಸು ನಾನು, ಅಕ್ಕಿಯ ವಯಸ್ಸು ಹೇಳೋದರಲ್ಲಿ ತಪ್ಪಲ್ಲ. ವಾರಗಟ್ಟಲೆ ಹಳೇದು ಅದು.

"ಇದು ಯಾರ ಬಟ್ಟೆ ಅಣ್ಣಾ?"

"ನಮ್ಮ ಮನೆಯದ್ದೇ ಎಂತದೋ ಬಟ್ಟೆ ಇರ್ಬೇಕು..."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಅಣ್ಣ ಹೆಗಲು ಮುಟ್ಟಿಕೊಳ್ಳಲಿಲ್ಲ, ಕನ್ನಡಕ ತೆಗೆದು ಅಂಗಿಯಲ್ಲಿ ಒರೆಸತೊಡಗಿದರು. ನಾನು ಆ ಗಂಟು ಕೈಯಲ್ಲಿ ಹಿಡಿದೇ ನೆಲದ ಮೇಲೆ ಕೂತೆ. ಆಗ ಒಂದೊಂದಾಗಿ ನೆನಪಿಗೆ ಬಂತು.

ಮೂರು ವಾರದ ಹಿಂದಿನ ಶನಿವಾರ. ಅಪ್ಪ ಮಗಳು ಬೆಳ್ಳಂಬೆಳಿಗ್ಗೆ ಬರ್ಕ್ಲಿಗೆ ಹೋಗಿದ್ದರು, ಕಾಲೇಜು ಕ್ಯಾಂಪಸ್ ನೋಡಲಿಕ್ಕೆ. ಚಪಾತಿ ಪಲ್ಯ ಕಟ್ಟಿ ಕಳಿಸಿದ್ದೆ. ಸಂಜೆ ಬಂದಾಗ ಮಗಳ ಜಡೆ ಒದ್ದೆ, ಮೈಮೇಲೆ ಅವಳಪ್ಪನ ಜಾಕೆಟ್ಟು. ಮಳೆ ಬಂತು ಅಂದರು. ಫ್ರೀಮಾಂಟಿನಲ್ಲಿ ಹಪ್ಪಳ ಒಣಗುವ ಬಿಸಿಲಿತ್ತು, ಆದರೆ ಇಲ್ಲಿ ಹತ್ತು ಮೈಲಿಗೊಂದು ಹವೆ ಅಲ್ಲವಾ, ನಂಬಿದೆ. ಮಗಳ ಫೋನು ಕ್ಯಾಂಪಸ್ಸಿನ ಬಾತ್‌ರೂಮಿನ ಸಿಂಕಿಗೆ ಬಿತ್ತು ಅಂದರು, ಅದನ್ನೂ ನಂಬಿದೆ. ನಾನೇ ಆ ಫೋನನ್ನು ಅಕ್ಕಿ ಡಬ್ಬದಲ್ಲಿ ಹೂತಿಟ್ಟೆ. ಭಾನುವಾರ ಸಂಜೆ ಫೋನು ಬದುಕಿತು. "ನೋಡಿ, ನಿಮ್ಮ ಇಂಜಿನಿಯರಿಂಗ್ ಡಿಗ್ರಿ ಮಾಡದ್ದನ್ನ ನನ್ನ ಅಕ್ಕಿ ಮಾಡ್ತು" ಅಂತ ಜಂಭ ಕೊಚ್ಚಿದ್ದೆ. ಗಂಡ ಬಹಳ ಶ್ರದ್ಧೆಯಿಂದ ತಲೆಯಾಡಿಸಿದ್ದರು. ಮಾರನೇ ದಿನವೇ ಬಟ್ಟೆ ಕಾಣೆ. ಮಗಳಿಗೆ ನೆಗಡಿ ಜ್ವರ, ಮೂರು ದಿನ ಮೆಣಸು ಶುಂಠಿ ಕಷಾಯ ಕಾಸಿ ಕೊಟ್ಟಿದ್ದೆ. ಅವಳು ಲೋಟ ತೆಗೆದುಕೊಳ್ಳುವಾಗ ನನ್ನ ಮುಖ ನೋಡಿರಲಿಲ್ಲ.

ಇಬ್ಬರು ಮಹಾ ಇಂಜಿನಿಯರುಗಳು ಫೋನಿಗೆ ಮಾಡಿದ ವೈದ್ಯವನ್ನೇ ಇಂಜಿನ್ನಿಗೂ ಮಾಡಿದ್ದರು. ನಗಬೇಕಾದ ವಿಷಯ. ಆದರೆ ಆ ಕ್ಷಣಕ್ಕೆ ನನ್ನ ಕಣ್ಣ ಮುಂದೆ ಇದ್ದದ್ದು ಮಗಳ ಒದ್ದೆ ಜಡೆ.

"ಅಣ್ಣಾ, ನನ್ನ ಮಗಳು ಇದರ ಮೇಲಿದ್ದಳಾ?"

ಅವರು ಕನ್ನಡಕ ಹಾಕಿಕೊಳ್ಳಲೇ ಇಲ್ಲ. "ಹಿಂದೆ ಕೂತಿದ್ದಳು" ಅಂದರು. "ನಾನು ಓಡಿಸ್ತಾ ಇದ್ದೆ. ಅವಳೇ ಆಸೆಪಟ್ಟಳು. ಬದಿಯಲ್ಲಿ ಐಸು ಗಟ್ಟಿ ಇದೆ ಅಂತ ಮಾಡಿದ್ದೆ. ಇಬ್ಬರೂ ಬಿದ್ದೆವು. ಕುತ್ತಿಗೆವರೆಗೆ ನೀರು. ನಿನ್ನ ಗಂಡ ದಡದಲ್ಲಿದ್ದ, ಹಗ್ಗ ಎಸೆದ, ಮೊದಲು ಅವಳನ್ನೇ ಎಳೆದ. ದೇವರ ದಯೆ, ಎಂತದೂ ಆಗ್ಲಿಲ್ಲ."

"ಎಂತದೂ ಆಗ್ಲಿಲ್ಲ!" ಅಂತ ಕಿರುಚಿದೆ. ಲಾಸ್ ಆಲ್ಟೋಸ್‌ನ ಆ ಬೀದಿಯಲ್ಲಿ ನಾಯಿಯೂ ಪಿಸುಗುಟ್ಟಿ ಬೊಗಳುತ್ತದೆ, ಅಂಥ ಕಡೆ ದಾವಣಗೆರೆ ಗಂಟಲು ತೆಗೆದೆ. ನನ್ನ ಕೈ ಮೇಲೆ ಕೈಯಿಟ್ಟು ಮಾತು ಕೊಟ್ಟವರು ನೀವು, ಅವಳ ಕಿವಿ ಚುಚ್ಚಿಸಿದ ತೊಡೆ ನಿಮ್ಮದು, ಮೂರು ವಾರದಿಂದ ನನ್ನ ಮನೆಗೆ ಬಂದು ಹುಳಿ ಅನ್ನ ಉಂಡು ಹೋಗಿದ್ದೀರಲ್ಲ, ಆ ಅನ್ನ ಗಂಟಲಲ್ಲಿ ಹೇಗೆ ಇಳೀತು ಅಂದೆ. ಇನ್ನೂ ಏನೇನೋ ಅಂದೆ, ಅವನ್ನೆಲ್ಲ ಬರೆಯಲಾರೆ. ಕೊನೆಗೆ ಕೇಳಿದೆ, "ಇಷ್ಟು ಮುಚ್ಚಿಟ್ಟವರು ನನ್ನನ್ನೇ ರಿಪೇರಿಗೆ ಯಾಕೆ ಕರೆದ್ರಿ?"

"ಗಾಡಿ ಹಾಳಾಗ್ತಾ ಇತ್ತು, ನೋಡ್ಲಿಕ್ಕೆ ಆಗ್ಲಿಲ್ಲ" ಅಂದರು ಅಣ್ಣ, ಸಣ್ಣ ದನಿಯಲ್ಲಿ. "ಇಂಜಿನಿಗೆ ಬಾಯಿ ಇಲ್ಲ ಅಲ್ವಾ ಅಂತ ಮಾಡಿದೆ."

ಅಷ್ಟರಲ್ಲಿ ನನ್ನ ಗಂಡನ ಕಾರು ಬಂತು. ಕಳ್ಳನ ಮನಸ್ಸು ಹುಳ್ಳಹುಳ್ಳಗೆ, ಮನೆಯಲ್ಲಿ ಕೂರಲಿಕ್ಕೆ ಆಗಿರಲಿಲ್ಲ. ಮಗಳನ್ನೂ ಕರೆದುಕೊಂಡೇ ಬಂದಿದ್ದರು. ಅವಳು ಗ್ಯಾರೇಜಿನ ಬಾಗಿಲಲ್ಲಿ ನಿಂತು ನನ್ನ ಕೈಯಲ್ಲಿದ್ದ ಬಟ್ಟೆ ನೋಡಿದಳು. "ಓ. ಶಿ ನೋಸ್" ಅಂದಳು ಅಪ್ಪನಿಗೆ.

ನಾನು ಗಂಡನ ಕಡೆ ತಿರುಗಿದೆ. "ಹದಿನೆಂಟು ವರ್ಷ ರೀ! ಹದಿನೆಂಟು ವರ್ಷ ಒಂದೇ ತಟ್ಟೇಲಿ ಉಂಡಿದ್ದೀವಿ. ನನ್ನ ಕಿವಿ ಮೇಲೆ ಹೂವಿಡೋಕೆ ಮಗಳಿಗೂ ಕಲಿಸಿದ್ರಲ್ಲ! ಅವಳಿಗೆ ಸುಳ್ಳು ಹೇಳೋಕೆ ಕಲಿಸಿದ್ರಲ್ಲ!"

ಮಧ್ಯೆ ಬಂದವಳು ಮಗಳು.

"ಸ್ಟಾಪ್ ಯೆಲ್ಲಿಂಗ್ ಅಟ್ ಹಿಮ್. ಅಪ್ಪ ಹೇಳ್ತೀನಿ ಅಂದ್ರು. ದಾರೀಲೇ ಫೋನ್ ಮಾಡೋಕೆ ಹೋದ್ರು. ನಾನೇ ಬೇಡ ಅಂದೆ. ಐ ಮೇಡ್ ದೆಮ್ ಪ್ರಾಮಿಸ್. ಇಟ್ ವಾಸ್ ಮೀ."

ಗಂಡನ ಮೇಲೆ ಎತ್ತಿದ್ದ ಕೈ ಹಾಗೇ ನಿಂತಿತು. ಗಂಡಸರಿಬ್ಬರು ಮೋಸ ಮಾಡಿದರು ಅಂತ ಕೂಗಾಡೋದು ಸುಲಭ. ಅವರನ್ನು ಬೈಯಲಿಕ್ಕೆ ಪದಗಳಿದ್ದವು. ಹೊತ್ತು ಹೆತ್ತ ಮಗಳೇ ಎಲ್ಲರ ಬಾಯಿಗೆ ಬೀಗ ಹಾಕಿಸಿದ್ದಳು ಅಂದರೆ ಯಾರನ್ನು ಬೈಯಲಿ? ಮೂರು ವಾರ ಮೂವರಿಗೂ ಗೊತ್ತಿದ್ದದ್ದು ನನಗೊಬ್ಬಳಿಗೇ ಗೊತ್ತಿರಲಿಲ್ಲ. ನನ್ನ ಮಗು ಮಂಜುಗಡ್ಡೆ ನೀರಿಗೆ ಬಿದ್ದು ಎದ್ದು ಬಂದಿದ್ದಾಳೆ, ನಾನು ಬರ್ಕ್ಲಿ ಕ್ಯಾಂಟೀನಿನಲ್ಲಿ ಊಟ ಹೇಗಿತ್ತು ಅಂತ ಕೇಳಿದ್ದೇನೆ. ಯಾರ ಮುಂದೆಯೂ ಅಳುವ ಜಾತಿಯಲ್ಲ ನಾನು, ಅವತ್ತು ಅತ್ತೆ.

ಅತ್ತಾದ ಮೇಲೆ ಏನು ಮಾಡಬೇಕೋ ತೋಚಲಿಲ್ಲ. ಬಿಚ್ಚಿದ ಇಂಜಿನ್ನು ಬಿಟ್ಟು ಏಳಬಾರದು ಅನ್ನೋದು ಅಪ್ಪನ ಗ್ಯಾರೇಜಿನ ಕಟ್ಟಳೆ. ಮತ್ತೆ ಕೂತೆ. ಪೆಟ್ರೋಲ್ ಟ್ಯಾಂಕು ಖಾಲಿ ಮಾಡಿದೆ, ಎರಡು ಕಾರ್ಬುರೇಟರಿನ ತಳದ ಬಟ್ಟಲು ಬಿಚ್ಚಿ ನೀರು ಚೆಲ್ಲಿದೆ. ಪ್ಲಗ್ಗಿನ ತೂತುಗಳಿಂದ ತುಕ್ಕು ಬಿಡಿಸುವ ಎಣ್ಣೆ ಹೊಯ್ದು ಬಟ್ಟೆ ಮುಚ್ಚಿದೆ. ಯಾವ ಬಟ್ಟೆ? ಅದೇ. ಇನ್ನು ಅದರಲ್ಲಿ ಇಡ್ಲಿ ಬೇಯಿಸುವ ಹಾಗಿರಲಿಲ್ಲ. ಗಂಡಸರಿಬ್ಬರೂ ತಪ್ಪು ಮಾಡಿದ ಸ್ಕೂಲು ಹುಡುಗರ ಹಾಗೆ ಗೋಡೆಗೆ ಒರಗಿ ನಿಂತಿದ್ದರು. "ಟಾರ್ಚು" ಅಂದೆ, ಕೊಟ್ಟರು. ಅಷ್ಟೇ ಮಾತು.

ಆ ವಾರವೆಲ್ಲ ಮನೆಯಲ್ಲಿ ಮಿಕ್ಸಿಯದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ. ಗಂಡ ಪಾತ್ರೆ ತೊಳೆದರು, ಹೇಳದೆ ಕಸ ಹಾಕಿ ಬಂದರು. ನಾನು ಮಾತಾಡಿಸಲಿಲ್ಲ. ಜಗಳವಾಡಿದರೆ ನನ್ನ ಕೋಪ ಒಂದು ಗಂಟೆಯಲ್ಲಿ ಇಳಿಯುತ್ತದೆ ಅಂತ ಅವರಿಗೆ ಗೊತ್ತು. ಈ ಸಲ ಮನೆಗೆ ಬಂದ ಮೇಲೆ ಜಗಳವೇ ಆಗಲಿಲ್ಲ ಅಂತ ಅವರಿಗೆ ಹೆದರಿಕೆಯಾಗಿತ್ತು. ನನಗೂ ಆಗಿತ್ತು.

ಮುಂದಿನ ಶನಿವಾರ ಮತ್ತೆ ಲಾಸ್ ಆಲ್ಟೋಸ್‌ಗೆ ಹೋದೆ. ನೀನು ಬಾ ಅಂತ ಕರೆಯದಿದ್ದರೂ ಮಗಳು ಬಂದು ಕಾರಿನಲ್ಲಿ ಕೂತಳು. ಬೆಲ್ಟಿನ ಚಕ್ರ ಹಿಡಿದು ಕೈಯಲ್ಲೇ ಹಿಂದೆ ಮುಂದೆ, ಹಿಂದೆ ಮುಂದೆ ಮಾಡಿದೆ. ಅರ್ಧ ಗಂಟೆ ಆದ ಮೇಲೆ ಪಿಸ್ಟನ್ ಕೂದಲೆಳೆಯಷ್ಟು ಸರಿಯಿತು. ಬಲವಂತ ಮಾಡಲಿಲ್ಲ. ಮತ್ತೆ ಎಣ್ಣೆ, ಮತ್ತೆ ಅಲುಗಾಡಿಸೋದು. ಮಧ್ಯಾಹ್ನದ ಹೊತ್ತಿಗೆ ಪೂರ್ತಿ ಒಂದು ಸುತ್ತು ತಿರುಗಿತು. ಪ್ಲಗ್ಗಿಲ್ಲದೆ ಹಗ್ಗ ಎಳೆದಾಗ ಎರಡೂ ತೂತಿನಿಂದ ಕೆಂಪು ನೀರು ಚಿಮ್ಮಿ ಅಣ್ಣನ ಬಿಳಿ ಗೋಡೆಗೆ ಹೊಡೆಯಿತು. ಬೇಕೂಂತಲೇ ಆ ಕಡೆ ತಿರುಗಿಸಿಟ್ಟಿದ್ದೆ, ಸುಳ್ಳು ಯಾಕೆ ಹೇಳಲಿ. ಪೆಟ್ರೋಲಿಗೆ ಎಣ್ಣೆ ಬೆರೆಸಿ ಒಳಗೆ ಹೊಯ್ದು ಎಳೆದೆ, ಚೆಲ್ಲಿದೆ, ಮತ್ತೆ ಹೊಯ್ದೆ. ಐದನೇ ಸಲಕ್ಕೆ ಎಣ್ಣೆ ತಿಳಿಯಾಗಿ ಬಂತು. ಹೊಸ ಪ್ಲಗ್ಗು ಹಾಕಿ, ಗಾಡಿಯನ್ನು ಅಂಗಳಕ್ಕೆ ತಳ್ಳಿ, ಹಿಂಭಾಗ ಎತ್ತಿ ನಿಲ್ಲಿಸಿ, ಹಗ್ಗ ಎಳೆದೆ. ಹನ್ನೊಂದನೇ ಎಳೆತಕ್ಕೆ ಕೆಮ್ಮಿತು, ಹೊಗೆ ಕಾರಿತು, ಹೊತ್ತಿಕೊಂಡಿತು.

ಅಣ್ಣ ಚಪ್ಪಾಳೆ ತಟ್ಟಿದರು. "ಬದುಕಿತಲ್ಲ ಮಾರಾಯ್ತಿ! ನಿನ್ನ ಕೈಗೆ ಬಂಗಾರದ ಬಳೆ ಹಾಕ್ಬೇಕು!" ನಾನು ಇಂಜಿನ್ನಿಗೆ ಕಿವಿ ಕೊಟ್ಟೆ. ತಳದಲ್ಲಿ ಬೇರಿಂಗು ಸಣ್ಣಗೆ ಗರಗರ ಅನ್ನುತ್ತಿತ್ತು. ಅವತ್ತೇ ಹೇಳಿದ್ದರೆ ಈ ಸದ್ದು ಇರುತ್ತಿರಲಿಲ್ಲ. ಅಣ್ಣನಿಗೆ ಅದು ಕೇಳಿಸಲಿಲ್ಲ, ನಾನೂ ಹೇಳಲಿಲ್ಲ. ಅವರು ಒಳಗೆ ಕಾಫಿಗೆ ನೀರಿಡಲು ಹೋದರು.

ಬಿಸಿಯಾಗುವ ತನಕ ಓಡಿಸಿ ಆರಿಸಿದೆ. ಬೀದಿ ಮತ್ತೆ ನಿಶ್ಶಬ್ದವಾಯಿತು. ಮಗಳು ಪಕ್ಕದಲ್ಲಿ ಮೊಣಕಾಲು ಅಪ್ಪಿಕೊಂಡು ಕೂತಿದ್ದಳು. ನನ್ನ ಫ್ಲಾಸ್ಕಿನಲ್ಲಿ ಚಹಾ ಉಳಿದಿತ್ತು. ಮುಚ್ಚಳಕ್ಕೆ ಬಗ್ಗಿಸಿ ಅವಳ ಕೈಗೆ ಕೊಟ್ಟೆ. ಅವಳ ಮುಖ ನೋಡಲಿಲ್ಲ. ಪ್ಲಗ್ಗಿನ ವಯರು ಒರೆಸುತ್ತಾ ಕೇಳಿದೆ.

"ಎಷ್ಟು ಹೊತ್ತು ನೀರಲ್ಲಿದ್ದೆ?"

ಅವಳು ಚಹಾ ಕುಡಿದಳು. ಇಂಗ್ಲಿಷಿನಲ್ಲಿ ಹೇಳುತ್ತಾಳೆ ಅಂದುಕೊಂಡಿದ್ದೆ.

"ಗೊತ್ತಿಲ್ಲ ಅಮ್ಮ. ಎರಡು ನಿಮಿಷ ಇರಬೇಕು. ನೀರಲ್ಲಿ ಅಷ್ಟು ಭಯ ಆಗ್ಲಿಲ್ಲ. ಆಮೇಲೆ ಕಾರಲ್ಲಿ ಆಯ್ತು. ಮನೆ ಹತ್ರ ಬರ್ತಾ ಬರ್ತಾ."

ವಯರು ಎಷ್ಟು ಒರೆಸಿದರೂ ಕೈಗೆ ಎಣ್ಣೆ ಅಂಟುತ್ತಲೇ ಇತ್ತು. "ಹೂಂ, ಆಗಲಿ" ಅಂದೆ. ಅಪ್ಪ ಅಷ್ಟನ್ನು ಎಷ್ಟು ಸಲೀಸಾಗಿ ಅನ್ನುತ್ತಿದ್ದರು. ನನಗೆ ಅದನ್ನು ಅನ್ನೋಕೆ ಎರಡು ಸಲ ಉಗುಳು ನುಂಗಬೇಕಾಯಿತು.